ಖಾಲಿ ಭಟ್ಟಿಯ ಹೊಗೆ

ಗೋಪನಕೊಪ್ಪ, ಹುಬ್ಬಳ್ಳಿ
28 ಅಕ್ಟೋಬರ್ 1996

ಚಿರಂಜೀವಿ ಫಕೀರೇಶನಿಗೆ ನಿನ್ನ ಮಾಮಾ ಗಂಗಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಿನ್ನ ಅಕ್ಕ ಹುಲಿಗೆವ್ವನ ಮೊಣಕಾಲು ನೋವು, ನನ್ನ ಸಿಟ್ಟು, ಇವೆರಡನ್ನು ಬಿಟ್ಟರೆ ಕ್ಷೇಮವೇ. ನಿನ್ನನ್ನು ರೈಲು ಹತ್ತಿಸಿ ಬಂದ ಮೇಲೆ ಒಂದು ಕಾರ್ಡೂ ಇಲ್ಲ. ಹುಲಿಗೆವ್ವ ದಿನಾ ಅಂಚೆಯವನನ್ನು ತಡೆದು ಕೇಳುತ್ತಾಳೆ. ಆ ಬಡಪಾಯಿ ಈಗ ನಮ್ಮ ಓಣಿಯಲ್ಲಿ ಸೈಕಲ್ಲಿನ ಗಂಟೆಯನ್ನೂ ಬಾರಿಸದೆ ಹೋಗುತ್ತಾನೆ. ತಂದೆತಾಯಿ ಹೋದ ಮೇಲೆ ಉಪ್ಪಿನಬೆಟಗೇರಿಯಿಂದ ಕರೆತಂದು ನಿನ್ನನ್ನು ಮಗನ ಹಾಗೆ ಸಾಕಿದವಳು. ನನಗೆ ಬೇಡ, ಅವಳಿಗಾದರೂ ಎರಡು ಸಾಲು ಗೀಚು.

ಮಿಲ್ಲಿನಲ್ಲಿ ದಸರೆಯ ಖಂಡೇಪೂಜೆ ಛಲೋ ಆಯಿತು. ಹಳೆಯ ಬೆಂಕಿ ಆರಿಸಿ, ಭಟ್ಟಿಯ ಇಟ್ಟಿಗೆ ತಿದ್ದಿ, ಸುಣ್ಣ ಬಳಿದೆವು. ನಿನ್ನ ಅಕ್ಕ ಪ್ರತಿ ವರ್ಷದ ಹಾಗೆ ಭಟ್ಟಿಯ ಬಾಯಿಗೆ ಉಡಿ ತುಂಬಿದಳು, ನಮ್ಮ ಒಲೆಯ ಕೆಂಡ ಹಾಕಿದಳು. ಇನ್ನು ಮುಂದಿನ ಖಂಡೇಪೂಜೆಯವರೆಗೆ ಆ ಬೆಂಕಿ ಆರಬಾರದು. ನಾನು ಈ ಮಿಲ್ಲಿಗೆ ಸೇರಿದಾಗಿನಿಂದ ನಡುವೆ ಒಮ್ಮೆಯೂ ಆರಿಲ್ಲ, ಆರಿದರೆ ಮಿಲ್ಲಿಗೆ ಕೇಡು ಎಂದು ನಮ್ಮವರ ನಂಬಿಕೆ. ನಂಬದವರಿಗೂ ಗೊತ್ತು, ಭಟ್ಟಿ ತಣ್ಣಗಾದರೆ ಇಟ್ಟಿಗೆ ಬಿರಿಯುತ್ತದೆ.

ನಮ್ಮ ಭಟ್ಟಿಯಲ್ಲಿ ಕಾಯಿಸಿ ಸರಳು ಎಳೆಯಲು ಬೇಕಾದ, ಒಡೆದ ಹಡಗಿನ ತಗಡು ಆರಿಸಿ ಕಳಿಸಲು ಸಾಹುಕಾರ ಮೈಲಾರಲಿಂಗಪ್ಪನವರು ನಿನ್ನನ್ನು ಗುಜರಾತಿಗೆ ಅಟ್ಟಿದ್ದು ನನ್ನ ಮಾತಿನ ಮೇಲೆ. ಕಣ್ಣಿಟ್ಟು ಆರಿಸು. ಮೊದಲು ಸರಕಾರ ಎಲ್ಲ ಊರಿಗೂ ಕಬ್ಬಿಣಕ್ಕೆ ಒಂದೇ ದರ ಕಟ್ಟಿತ್ತು, ದೂರದವನೆಂಬ ಭೇದ ಇರಲಿಲ್ಲ. ಆ ಕಟ್ಟಳೆ ತೆಗೆದ ಮೇಲೆ ನಮ್ಮ ಮಿಲ್ಲಿಗೆ ಬರುವ ಪ್ರತಿ ತಗಡೂ ದಾರಿಯ ಭಾರ ಹೊತ್ತುಕೊಂಡೇ ಬರುತ್ತದೆ. ಅಷ್ಟು ದೂರದಿಂದ ಕಸ ತಂದರೆ ಉಳಿದೇವೇ? ನಮ್ಮ ಸರಳಿಗೆ ಹೆಸರಿದೆ. ಎಳೆದ ಸರಳಿನ ಸೀಳುತುದಿಯನ್ನು ಗೇಣುದ್ದ ಹೆಚ್ಚಾಗಿಯೇ ಕತ್ತರಿಸಿ ಎಸೆಯುವವರು ನಾವು. ಅದಕ್ಕೆ ಸಾಹುಕಾರರು ಗೊಣಗುತ್ತಾರೆ, ಗೊಣಗಲಿ.

ಎರಡು ವರ್ಷ ಅಲ್ಲಿರು, ಆಮೇಲೆ ಬಾ. ಬೆಂಕಿ ನೋಡಿ ನೋಡಿ ನನ್ನ ಕಣ್ಣು ಮಂಜಾಗುತ್ತಿದೆ. ಭಟ್ಟಿಯ ಮುಂದಿನ ನನ್ನ ಜಾಗ ನಿನಗೇ ಎಂದು ಸಾಹುಕಾರರ ಬಾಯಿಂದ ಹೇಳಿಸಿಟ್ಟಿದ್ದೇನೆ. ಮಿಲ್ಲು ಇದ್ದರೆ ಆ ಜಾಗ, ಅದನ್ನು ನೆನಪಿಡು.

ನಿನ್ನ ಮಾಮಾ,
ಗಂಗಪ್ಪ


ಅಲಂಗ್, ಗುಜರಾತ
9 ಡಿಸೆಂಬರ್ 1996

ತೀರ್ಥರೂಪ ಸಮಾನರಾದ ಮಾಮಾ ಅವರಿಗೆ ಫಕೀರೇಶನ ನಮಸ್ಕಾರಗಳು. ಅಕ್ಕನಿಗೆ ಎರಡು ಹೆಚ್ಚು.

ಬೈಗುಳ ತಲುಪಿತು. ಓದಿ ಊರಿಗೆ ಬಂದ ಹಾಗಾಯಿತು. ಇಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವವರೇ ಇಲ್ಲ. ಅಕ್ಕನಿಗೆ ಹೇಳಿರಿ, ಜೋಳದ ರೊಟ್ಟಿ ಸಿಗದಿದ್ದರೂ ಸಜ್ಜೆಯ ರೊಟ್ಟಿ ಸಿಗುತ್ತದೆ, ಸಾಯುವುದಿಲ್ಲ.

ಮಾಮಾ, ನೀವು ಒಮ್ಮೆ ಇದನ್ನು ನೋಡಬೇಕು. ಸಮುದ್ರ ಉಕ್ಕುವ ಭರತದ ದಿನ ಹಡಗು ತಾನಾಗಿಯೇ ಓಡಿ ಬಂದು ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಹುಬ್ಬಳ್ಳಿ ಸ್ಟೇಷನ್ನಿಗಿಂತ ಉದ್ದ. ಆಮೇಲೆ ಜನ ಹತ್ತಿ ಗ್ಯಾಸಿನಿಂದ ಕೊಯ್ಯುತ್ತಾರೆ. ನಾನು ಪ್ರತಿ ತಗಡಿಗೂ ಸುತ್ತಿಗೆಯಿಂದ ಬಡಿದು ದನಿ ಕೇಳುತ್ತೇನೆ, ತುಕ್ಕು ಕೆರೆದು ಅಂಚು ನೋಡುತ್ತೇನೆ. "ಮದುವೆಗೆ ಹೆಣ್ಣು ನೋಡಲು ಬಂದಿದ್ದೀಯಾ?" ಎಂದು ಇಲ್ಲಿಯ ಸೇಠ ನಗುತ್ತಾನೆ. ನಿಮ್ಮ ಕೈಕೆಳಗೆ ಕಲಿತವ ಎಂದು ಅವನಿಗೇನು ಗೊತ್ತು.

ಒಂದು ಸಂಗತಿ ಮಾತ್ರ ಎದೆಗೆ ಹತ್ತಿತು. ದಂಡೆಯ ಹಿಂದೆಯೇ ಸಾಲು ಸಾಲು ರೋಲಿಂಗ್ ಮಿಲ್ಲುಗಳಿವೆ. ಬೆಳಿಗ್ಗೆ ಹಡಗಿನ ಮೈಮೇಲಿದ್ದ ತಗಡು ಸಂಜೆಗೆ ಸರಳಾಗಿ ಲಾರಿ ಏರುತ್ತದೆ. ನಮ್ಮ ತಗಡು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಇವರು ಮಾಲು ಮಾರಿ ಕೈ ತೊಳೆದಿರುತ್ತಾರೆ. ಆದರೆ ಇವರ ಸರಳು ನೋಡಿದರೆ ನಗು ಬರುತ್ತದೆ. ಸೀಳುತುದಿಯನ್ನೂ ತೂಕಕ್ಕೆ ಹಾಕುತ್ತಾರೆ. ನಮ್ಮ ಮುಂದೆ ಇವರು ಏನೂ ಅಲ್ಲ, ಚಿಂತೆ ಬೇಡ.

ಈ ಪತ್ರವನ್ನು ಬಡೇಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ಹಳೇ ಹುಬ್ಬಳ್ಳಿಯವ, ಈ ದಾರಿಯಲ್ಲಿ ಲಾರಿ ಹೊಡೆಯುತ್ತಾನೆ. ಅಂಚೆಯವ ಇನ್ನು ನಿಶ್ಚಿಂತೆಯಾಗಿ ಗಂಟೆ ಬಾರಿಸಲಿ.

ನಿಮ್ಮ
ಫಕೀರೇಶ


ಗೋಪನಕೊಪ್ಪ
17 ಜೂನ್ 1997

ಚಿ. ಫಕೀರೇಶನಿಗೆ ಆಶೀರ್ವಾದ.

ಚಿಂತೆ ಬೇಡ ಎಂದು ಬರೆದವ ನೀನು. ಈಗ ನೀನೇ ತಗಡು ಕಳಿಸುವುದನ್ನು ಕಡಿಮೆ ಮಾಡಿದರೆ ಏನು ಮಾಡಲಿ? ಯುಗಾದಿಯಾದ ಮೇಲೆ ಬಂದದ್ದು ಎಷ್ಟು ಲಾರಿ ಎಂದು ಕೈಬೆರಳಲ್ಲೇ ಎಣಿಸಬಹುದು. ಕೇಳಿದರೆ ಸಾಹುಕಾರರು ಮೋರೆ ಆ ಕಡೆ ತಿರುಗಿಸುತ್ತಾರೆ. ಕರೆಂಟು ಬೇರೆ ಹೊತ್ತಲ್ಲದ ಹೊತ್ತಿಗೆ ಹೋಗುತ್ತದೆ. ಅರ್ಧ ಎಳೆದ ಸರಳು ರೋಲಿನಲ್ಲೇ ಸಿಕ್ಕು ತಣ್ಣಗಾಗುತ್ತದೆ. ಅದನ್ನು ಬಿಡಿಸುವಾಗ ಇಕ್ಕಳ ಹಿಡಿಯುವ ಯಂಕಣ್ಣ ಆಡುವ ಮಾತನ್ನು ಪತ್ರದಲ್ಲಿ ಬರೆಯುವ ಹಾಗಿಲ್ಲ.

ಪೇಟೆಯಲ್ಲಿ ಕಡಲ ಕಡೆಯ ಸರಳು ಇಳಿಯುತ್ತಿದೆ, ನಮ್ಮದಕ್ಕಿಂತ ಸೋವಿ. ಬಳ್ಳಾರಿ ಕಡೆ ದೊಡ್ಡ ದೊಡ್ಡ ಕಾರಖಾನೆ ಏಳುತ್ತಿವೆ ಎಂದೂ ಸುದ್ದಿ. ಸಾಹುಕಾರರು ಮೊನ್ನೆ ಆಫೀಸಿಗೆ ಕರೆದು ಹೇಳಿದರು: "ಗಂಗಪ್ಪಾ, ಅವರ ಮನಿ ಮುಂದ ಸಮುದ್ರ ಐತಿ. ನಮ್ಮ ಮನಿ ಮುಂದ ಗೋಕುಲ ರೋಡ್ ಐತಿ. ನಾ ಏನ್ ಮಾಡ್ಲಿ ಹೇಳು? ತಗಡು ಬರೂತನಕ ಭಟ್ಟಿ ಆರಿಸಿ ಬಿಡೂಣು."

ನಾನು ಅಲ್ಲೇ ನಿಂತು ಹೇಳಿದೆ, "ಸಾಹುಕಾರ್ರ, ಖಂಡೇಪೂಜಿಗಿಂತ ಮೊದಲ ಭಟ್ಟಿ ಆರಿಸೂದಂದ್ರ ನನ್ನ ಕೈಯಿಂದ ಆಗೂದಲ್ರಿ. ಬ್ಯಾರೆ ಯಾರನ್ನರ ಕರೀರಿ." ನನ್ನ ಬೆನ್ನ ಹಿಂದೆ ಇಡೀ ಪಾಳಿಯವರು ಬಂದು ನಿಂತಿದ್ದರು. ಸಾಹುಕಾರರೂ ಇದೇ ಊರಿನವರು, ಅವರ ತಂದೆಯ ಕಾಲದ ಪದ್ಧತಿ. ಹಟ ಬಿಟ್ಟರು. ಈಗ ತಗಡು ಇದ್ದ ದಿನ ಎಳೆಯುತ್ತೇವೆ, ಇಲ್ಲದ ದಿನ ಖಾಲಿ ಭಟ್ಟಿಗೆ ಕಲ್ಲಿದ್ದಲು ಹಾಕಿ ಮುಂದೆ ಕೂತಿರುತ್ತೇವೆ. ಕೆಲಸವಿಲ್ಲದ ಬೆಂಕಿಯ ಮುಂದೆ ಕೂಡುವುದು ಬಹಳ ಕಷ್ಟ ಮಾರಾಯಾ. ಮೈ ಕಾಯುತ್ತದೆ, ಹೊತ್ತು ಹೋಗುವುದಿಲ್ಲ.

ಗೋದಾಮು ಇರುವ ಎಲ್ಲ ಸೇಠರಿಗೂ ಕೈಮುಗಿದು ತಗಡು ಹೊಂದಿಸು. ಮಿಲ್ಲಿನ ಜೀವ ನಿನ್ನ ಕೈಯಲ್ಲಿದೆ.

ನಿನ್ನ ಅಕ್ಕ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ: "ಅಂವಗ ಮೈಯಾಗ ಹುಷಾರ್ ಐತೇನು ಕೇಳ್ರಿ. ಬರೇ ತಗಡು ತಗಡು ಅಂತ ಬರೀಬ್ಯಾಡ್ರಿ." ಕೇಳಿದ್ದೇನೆ.

ಗಂಗಪ್ಪ


ಅಲಂಗ್
2 ಸೆಪ್ಟೆಂಬರ್ 1997

ಮಾಮಾ ಅವರಿಗೆ ನಮಸ್ಕಾರ.

ಮೈಯಲ್ಲಿ ಹುಷಾರಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡಿ.

ಸಾಹುಕಾರರಿಂದ ಬ್ಯಾಂಕಿನ ಡ್ರಾಫ್ಟು ಬರದೆ ಇಲ್ಲಿ ಯಾರೂ ತಗಡು ಬಿಡುವುದಿಲ್ಲ. ನಾನು ಕೈಮುಗಿದದ್ದು ಸಾಲದೇ ಕಾಲಿಗೂ ಬಿದ್ದೆ. ಮೋರೆ ತಿರುಗಿಸಿದರು ಎಂದು ಬರೆದಿರಲ್ಲ, ಯಾಕೆ ತಿರುಗಿಸಿದರು ಎಂದು ಕೇಳಿ ನೋಡಿರಿ. ಹೆಚ್ಚು ಬರೆಯಲಾರೆ, ಉಪ್ಪು ತಿಂದ ಮನೆ.

ನನ್ನ ಹೊಟ್ಟೆಗೆ ತೊಂದರೆ ಇಲ್ಲ. ಇಲ್ಲೇ ಒಬ್ಬ ಸೇಠನ ಹತ್ತಿರ ಮಾಲಿನ ತೂಕ ನೋಡುವ ಸಣ್ಣ ಕೆಲಸ ಹಿಡಿದಿದ್ದೇನೆ. ತಗಡು ಕೊಳ್ಳುವುದು ಶುರುವಾದ ದಿನ ಬಿಡುತ್ತೇನೆ.

ಇನ್ನೊಂದು ಮಾತು. ಇಲ್ಲಿಯ ಮಿಲ್ಲುಗಳಲ್ಲಿ ಮಾಲು ಇಲ್ಲದಾಗ ಭಟ್ಟಿ ಆರಿಸುತ್ತಾರೆ, ಬಂದಾಗ ಹಚ್ಚುತ್ತಾರೆ. ನಿಧಾನವಾಗಿ ತಣಿಸಿ, ನಿಧಾನವಾಗಿ ಕಾಯಿಸಿದರೆ ಇಟ್ಟಿಗೆ ಬಿರಿಯುವುದಿಲ್ಲ. ನಾನೇ ನೋಡಿದ್ದೇನೆ. ಖಾಲಿ ಭಟ್ಟಿಗೆ ಸುರಿಯುವ ಕಲ್ಲಿದ್ದಲು ಉಳಿದರೆ ಅಷ್ಟಾದರೂ ಮಿಲ್ಲು ಉಸಿರು ಹಿಡಿದೀತು. ದೇವರಿಗೂ ನಮ್ಮ ಕಷ್ಟ ಗೊತ್ತಿರುತ್ತದೆ. ಆರಿಸಿರಿ ಮಾಮಾ. ಕೈಮುಗಿದು ಹೇಳುತ್ತೇನೆ.

ಫಕೀರೇಶ


ಗೋಪನಕೊಪ್ಪ
20 ಅಕ್ಟೋಬರ್ 1997

ಚಿ. ಫಕೀರೇಶನಿಗೆ.

ತೂಕ ನೋಡುವವನು ಭಟ್ಟಿಯ ವಿಷಯ ಮಾತಾಡುವುದು ಬೇಡ. ಒಂದು ವರ್ಷ ಸಮುದ್ರದ ಗಾಳಿ ಕುಡಿದವನಿಗೆ ನಮ್ಮ ಬೆಂಕಿ ಖರ್ಚಿನ ಬಾಬತ್ತು ಆಗಿ ಕಂಡಿತೇ? ಖಂಡೇಪೂಜೆ ಮಾಡಿದೆವು, ಉಡಿ ತುಂಬಿದೆವು, ಹೊಸ ಬೆಂಕಿ ಹಾಕಿದೆವು. ಆ ವಿಷಯ ಅಲ್ಲಿಗೆ ಬಿಡು.

ಈಗ ಬೇರೆ ಸುದ್ದಿ. ಹಬ್ಬದ ಮರುದಿನ ಕಬ್ಬಿಣದ ಪೇಟೆಗೆ ಹೋಗಿದ್ದೆ. ನಿಮ್ಮ ಕಡೆಯ ಸರಳಿನ ಲಾರಿ ಆಗಷ್ಟೇ ಇಳಿದಿತ್ತು. ಉಗುಳಿ ಬರಬೇಕೆಂದೇ ಹೋದವನು ನಾನು. ಒಂದು ಸರಳು ಎತ್ತಿ ನೋಡಿದೆ. ಮೈ ಪೂರಾ ಒಂದೇ ನೀಲಿಗಪ್ಪು. ಪೊರೆ ಎಷ್ಟು ತೆಳ್ಳಗೆಂದರೆ ಉಗುರಿನಿಂದ ಕೆರೆದರೂ ಏಳಲಿಲ್ಲ. ತಗಡು ಸುಟ್ಟಿಲ್ಲ, ಹಸಿ ಉಳಿದಿಲ್ಲ, ಕೆಂಪು ಕಳೆದು ಅರಿಷಿಣ ಬಣ್ಣ ಕೂತ ಗಳಿಗೆಗೇ ಎಳೆದಿದ್ದಾರೆ. ಇನ್ನೂ ಒಂದು ಕೇಳು. ಸೀಳುತುದಿಯನ್ನು ಗೇಣುದ್ದ ಹೆಚ್ಚು ಕತ್ತರಿಸಿ ಎಸೆದಿದ್ದಾರೆ! ಇಡೀ ದೇಶದಲ್ಲಿ ಈ ಹುಚ್ಚುತನ ನನ್ನೊಬ್ಬನದೇ ಎಂದುಕೊಂಡಿದ್ದೆ.

ಬೈಯಲು ಬಾಯಿ ಬರಲಿಲ್ಲ. ಅಂಗಡಿಯವನ ಮುಂದೆಯೇ "ಯಾವ ಮಗಾ ಇದರ ಭಟ್ಟಿ ಹಿಡದಾನೋ, ಅವನ ಕೈಗೆ ಬಂಗಾರದ ಕಡಗ ಹಾಕಬೇಕು" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಹೊಟ್ಟೆ ಉರಿಯಿತು. ಇಂಥವ ಒಬ್ಬ ಆ ದಂಡೆಯಲ್ಲಿದ್ದರೆ ನಮ್ಮ ಹೆಸರೂ ಹೋಯಿತು. ಇಷ್ಟು ದಿನ ದರದಲ್ಲಿ ಸೋತರೂ ಮಾಲಿನಲ್ಲಿ ಗೆಲ್ಲುತ್ತಿದ್ದೆವು.

ಯಾರವನು? ವಿಚಾರಿಸಿ ಬರೆ. ನಮ್ಮ ಕಡೆ ಕರೆತರಲು ಆಗುತ್ತದೆಯೇ ನೋಡು.

ಗಂಗಪ್ಪ


ಅಲಂಗ್
11 ಮಾರ್ಚ್ 1998

ಮಾಮಾ ಅವರಿಗೆ ಸಾಷ್ಟಾಂಗ ನಮಸ್ಕಾರ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆಯಲು ಕೂತಾಗೆಲ್ಲ ಏನಾದರೂ ಕೆಲಸ ಬರುತ್ತಿತ್ತು.

ನೀವು ಕೇಳಿದ ಮನುಷ್ಯನ ಬಗ್ಗೆ ವಿಚಾರಿಸಿದೆ. ಎಲ್ಲಿಯವನೋ ಪರವೂರಿನವನಂತೆ, ಸರಿಯಾಗಿ ಯಾರೂ ಹೇಳಲಿಲ್ಲ. ಅವನಿಗೆ ಕಲಿಸಿದವರು ದೊಡ್ಡವರು ಎಂದು ಮಾತ್ರ ಎಲ್ಲರೂ ಅನ್ನುತ್ತಾರೆ. ಹಾಗಾಗಿ ಬಂಗಾರದ ಕಡಗ ಅವರಿಗೇ ಸಲ್ಲಬೇಕು.

ಮಾಮಾ, ನೀವೇ ಇಲ್ಲಿಗೆ ಬಂದರೆ ಹೇಗೆ? ನನ್ನ ಸೇಠನಿಗೆ ಭಟ್ಟಿಯ ಹಿರಿಯ ಮೇಸ್ತ್ರಿ ಬೇಕಾಗಿದ್ದಾರೆ. ಬೆಂಕಿಯ ಎದುರು ನಿಲ್ಲಬೇಕಿಲ್ಲ, ಕುರ್ಚಿ ಹಾಕಿಕೊಂಡು ಬಣ್ಣ ನೋಡಿ ಹೇಳಿದರೆ ಸಾಕು. ಅಕ್ಕನನ್ನೂ ಕರೆದುಕೊಂಡು ಬನ್ನಿರಿ. ಅಕ್ಕ ರೊಟ್ಟಿ ಬಡಿಯಲಿ, ನೀವು ಬೈಯುತ್ತಿರಿ, ನಾನು ಉಣ್ಣುತ್ತೇನೆ. ನನಗೆ ಬೇರೆ ಏನೂ ಬೇಡ.

ಬಡೇಸಾಬನ ಕೈಯಲ್ಲಿ ಅಕ್ಕನಿಗೆ ಒಂದು ಸೀರೆ ಕಳಿಸಿದ್ದೇನೆ. ಅಂಚು ಅಗಲವಾಯಿತೆಂದು ಬೈಯಬಾರದು.

ನಿಮ್ಮ
ಫಕೀರೇಶ


ಹುಬ್ಬಳ್ಳಿ
6 ಆಗಸ್ಟ್ 1998

ಶ್ರೀ ಫಕೀರೇಶ ಅವರಿಗೆ,

ತಮ್ಮ ಪತ್ರ ಮತ್ತು ಸೀರೆ ಮುಟ್ಟಿ ಬಹಳ ದಿನವಾಯಿತು.

ಕಳೆದ ವಾರ ಪೇಟೆಯಲ್ಲಿ ಬಡೇಸಾಬ ಸಿಕ್ಕಿದ್ದ. ಸರಳು ಇಳಿಸುತ್ತಿದ್ದ. ನನ್ನನ್ನು ನೋಡಿದವನೇ ಹಲ್ಲು ಬಿಟ್ಟು ಕೂಗಿದ: "ಏನ್ ಮೇಸ್ತ್ರಿ, ನಿಮ್ಮ ಫಕೀರೇಶನ ಮಾಲು ನೋಡಾಕ ಬಂದ್ರೇನು? ಭಟ್ಟಿ ಮುಂದ ನಿಂತರ ಥೇಟ್ ನಿಮ್ಮಂಗ ಕಾಣ್ತಾನ್ರಿ ಅಂವಾ. ತುದಿ ಕತ್ತರಸೂದ ಬ್ಯಾಡ ಅಂತ ಸೇಠ ಹೊಡಕೊಂಡ್ರೂ ಕೇಳೂದಿಲ್ಲ." ಪಾಪ, ನನಗೆ ಗೊತ್ತಿದೆ ಎಂದೇ ತಿಳಿದಿದ್ದ. ನಾನೂ ಗೊತ್ತಿದ್ದವನ ಹಾಗೆ ತಲೆಯಾಡಿಸಿ ಬಂದೆ.

ನಾನು ಕಲಿಸಿದ ಕೈಯಿಂದಲೇ ನನ್ನ ಭಟ್ಟಿಗೆ ನೀರು ಬಿತ್ತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮಿಲ್ಲಿನ ಸ್ಥಿತಿ ಹೇಳುತ್ತೇನೆ, ಯಾಕೆಂದರೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ಹೋದ ತಿಂಗಳಿನಿಂದ ತಗಡೇ ಇಲ್ಲ. ಅರ್ಧ ಜನ ಬಿಟ್ಟುಹೋದರು. ಈ ಸಲ ಖಂಡೇಪೂಜೆಗೆ ಹಳೆಯ ಬೆಂಕಿ ಆರಿಸಿದ ಮೇಲೆ ಹೊಸದು ಹಾಕುವುದಿಲ್ಲ ಎಂದು ಸಾಹುಕಾರರು ಹೇಳಿದ್ದಾರೆ. ಎಳೆಯಲು ಕಬ್ಬಿಣ ತಂದು ತೋರಿಸಿದರೆ ಮಾತ್ರ ಹಚ್ಚುತ್ತಾರಂತೆ. ಅವರ ಮಾತಿಗೆ ಆ ದಂಡೆಯಲ್ಲಿ ಬೆಲೆ ಉಳಿದಿಲ್ಲ. ನಿಮ್ಮ ಮಾತಿಗೆ ಇರಬಹುದು. ಒಂದು ಲಾರಿ ತಗಡು ಕಳಿಸಿರಿ. ಸರಳು ಮಾರಿದ ಕೂಡಲೇ ತೀರಿಸುತ್ತಾರೆ.

ಪತ್ರ ಇಲ್ಲಿಗೇ ಮುಗಿಸಿದ್ದೆ. ನಿನ್ನ ಅಕ್ಕ ಓದಿಸಿ ಕೇಳಿ, ಲೇಖನಿ ಕಸಿದುಕೊಳ್ಳುವುದೊಂದು ಬಾಕಿ. "ಅಂವಾ ಹೊಟ್ಟಿಗಿ ದುಡದಾನ್ರಿ, ಕಳವು ಮಾಡಿಲ್ಲ. ನೀವು ಅಂವಗ ಬ್ಯಾರೆ ಏನ್ ಕಲಿಸಿದ್ರಿ, ಆ ಕೆಲಸಾ ಬಿಟ್ಟು?" ಎಂದಳು. ಅದು ಖರೆ. ಆದರೂ ನನಗೆ ಬರೆದು ತಿಳಿಸಬಹುದಿತ್ತು ನೀನು.

ಗಂಗಪ್ಪ


ಅಲಂಗ್
1 ಸೆಪ್ಟೆಂಬರ್ 1998

ಮಾಮಾ,

ಬೈದು ಬರೆದಿದ್ದರೆ ಸಹಿಸುತ್ತಿದ್ದೆ. "ಶ್ರೀ ಫಕೀರೇಶ ಅವರಿಗೆ" ಎಂದು ಬರೆದಿರಿ, ಅದನ್ನು ಓದಿ ಆ ದಿನ ಉಣ್ಣಲಾಗಲಿಲ್ಲ.

ತಗಡು ಬರುತ್ತದೆ. ಸೇಠನ ಮುಂದೆ ನಿಂತು, ಮುಂದಿನ ವರ್ಷದ ದೀಪಾವಳಿಯವರೆಗೆ ನಿನ್ನ ಭಟ್ಟಿ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟೆ. ಒಂದು ಲಾರಿ ಬಿಟ್ಟ. ದೊಡ್ಡ ಹಡಗಿನ ತಳದ ತಗಡು, ನಾನೇ ಒಂದೊಂದನ್ನೂ ಬಡಿದು ದನಿ ಕೇಳಿ ಆರಿಸಿದ್ದು. ಇಂಥ ಮಾಲು ಈ ವರ್ಷ ಈ ದಂಡೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಬಡೇಸಾಬ ನಾಡಿದ್ದು ಹೊರಡುತ್ತಾನೆ.

ಹಬ್ಬಕ್ಕೆ ಬರಬೇಕೆಂದು ಜೀವ ಬಡಿದುಕೊಳ್ಳುತ್ತಿದೆ. ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದೇನೆ. ಭಟ್ಟಿ ಹೊತ್ತಿಕೊಂಡರೆ ಒಂದು ಸಾಲು ಬರೆಯಿರಿ. ನನಗೆ ಅಷ್ಟು ತಿಳಿದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮವನೇ ಆದ
ಫಕೀರೇಶ


ಗೋಪನಕೊಪ್ಪ
4 ಫೆಬ್ರುವರಿ 1999

ಚಿರಂಜೀವಿ ಫಕೀರೇಶನಿಗೆ ಮಾಮಾನ ಆಶೀರ್ವಾದ.

ಒಂದು ಸಾಲು ಬರೆಯಲು ನೀನು ಹೇಳಿದ್ದೆ, ನಾನು ಬರೆಯಲಿಲ್ಲ. ಒಳ್ಳೆಯ ಸುದ್ದಿಯೊಂದು ಜೊತೆಗಿರಲಿ ಎಂದು ಕಾದೆ. ಕಾದಷ್ಟೂ ಸುದ್ದಿ ಬಂತು, ಒಳ್ಳೆಯದೊಂದೂ ಅಲ್ಲ.

ತಗಡು ಹಬ್ಬಕ್ಕೆ ಮೊದಲೇ ಮುಟ್ಟಿತು. ಬಿಟ್ಟುಹೋದವರನ್ನೂ ಯಂಕಣ್ಣ ಮನೆಮನೆಗೆ ಹೋಗಿ ಕರೆತಂದ. ಹುಲಿಗೆವ್ವ ನೀನು ಕೊಟ್ಟ ಸೀರೆ ಉಟ್ಟು ಉಡಿ ತುಂಬಿದಳು, ಕೆಂಡ ಹಾಕಿದಳು. ಫಕೀರಾ, ಅಂಥ ಕಬ್ಬಿಣವನ್ನು ನಾನು ಎಂದೂ ಎಳೆದಿರಲಿಲ್ಲ. ರೋಲಿನಿಂದ ಬೆಣ್ಣೆಯ ಹಾಗೆ ಹರಿದು ಬರುತ್ತಿತ್ತು. ಒಂದು ಸರಳೂ ಸಿಕ್ಕಿಬೀಳಲಿಲ್ಲ, ಕರೆಂಟೂ ನಮ್ಮ ಮೇಲೆ ಕರುಣೆ ತೋರಿಸಿತು. ಎಲ್ಲರೂ ಹುಡುಗರ ಹಾಗೆ ಕುಣಿದಾಡಿ ದುಡಿದರು. ನಾನು ಮನಸ್ಸಿನಲ್ಲೇ ನಿನ್ನ ಮೇಲಿನ ಸಿಟ್ಟನ್ನೆಲ್ಲ ಭಟ್ಟಿಗೆ ಹಾಕಿದೆ.

ಸರಳನ್ನು ಪೇಟೆಗೆ ಒಯ್ದೆವು. ವ್ಯಾಪಾರಿ ನೋಡಿ, ಮುಟ್ಟಿ ಹೇಳಿದ: "ಮೇಸ್ತ್ರಿ, ಮಾಲು ಚೊಕ್ಕ ಐತಿ. ಆದರ ಇಂಥದ ಮಾಲು ಗುಜರಾತಿನಿಂದ ಬಾಗಲಿಗೆ ಬಂದು ಇಳದ್ರೂ ನಿಮಗಿಂತ ಸೋವಿ ಬೀಳತೈತಿ. ನಾ ಏನ್ ಧರ್ಮಕ್ಕ ಅಂಗಡಿ ಇಟ್ಟೇನೇನ್ರಿ?" ಅವನ ಮಾತು ತಪ್ಪಲ್ಲ. ಕೊನೆಗೆ ತಗಡಿನ ಬೆಲೆಯೂ ಹುಟ್ಟದ ಹಾಗೆ ಕೊಟ್ಟು ಬಂದೆವು. ಹಮಾಲರು ನನ್ನ ಸರಳನ್ನು ನಿನ್ನ ಸರಳಿನ ಪಕ್ಕಕ್ಕೆ ಒಟ್ಟಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದೆ, ಯಾವುದು ಯಾರದೆಂದು ನನಗೇ ತಿಳಿಯಲಿಲ್ಲ. ಅಲ್ಲೇ ಕಣ್ಣಲ್ಲಿ ನೀರು ಬಂತು. ಹೆಮ್ಮೆಯೋ ದುಃಖವೋ ಕೇಳಬೇಡ.

ತಗಡು ಮುಗಿದ ಮೇಲೂ ಬೆಂಕಿ ಆರಿಸಲು ನಾನು ಬಿಡಲಿಲ್ಲ. ಆಗಷ್ಟೇ ಉಡಿ ತುಂಬಿದ ಭಟ್ಟಿ. ಇದ್ದ ಕಲ್ಲಿದ್ದಲನ್ನೆಲ್ಲ ಹಾಕಿದೆವು, ಅದು ಮುಗಿದ ಮೇಲೆ ಕಟ್ಟಿಗೆ ಹಾಕಿದೆವು. ದೀಪಾವಳಿ ದಾಟಿತು, ಎಳ್ಳಮಾವಾಸ್ಯೆ ದಾಟಿತು. ಹೊಗೆ ಕಂಡು ದಾರಿಯ ಜನ "ಮಿಲ್ಲು ಜೋರು ನಡದೈತಲ್ರಿ" ಎಂದು ಕೇಳುತ್ತಿದ್ದರು. ಒಳಗೆ ಒಂದು ಮೊಳೆಯಷ್ಟೂ ಕಬ್ಬಿಣ ಇರಲಿಲ್ಲ. "ಯಾರ ಸಲುವಾಗಿ ಕಾಸಾಕತ್ತೇವ್ರಿ ಇದನ್ನ?" ಎಂದು ಯಂಕಣ್ಣ ಒಂದು ದಿನ ಕೇಳಿದ. ಮರುದಿನದಿಂದ ಅವನೂ ಬರಲಿಲ್ಲ. ಆ ಕಲ್ಲಿದ್ದಲು ಮಾರಿದ್ದರೆ ಪಗಾರವಾದರೂ ಆಗುತ್ತಿತ್ತು ಎಂದು ಈಗ ಎಲ್ಲರೂ ನನಗೆ ಅನ್ನುತ್ತಾರೆ. ಅನ್ನಲಿ. ಸಂಕ್ರಾಂತಿಯ ದಿನ ಬೆಂಕಿ ತಾನಾಗಿಯೇ ಆರಿತು, ಯಾರೂ ಆರಿಸಲಿಲ್ಲ. ಮರುದಿನ ಸಾಹುಕಾರರು ಗೇಟಿಗೆ ಬೀಗ ಹಾಕಿ, ನನ್ನ ಕೈ ಹಿಡಿದುಕೊಂಡು ನಿಂತರು. ಯಂತ್ರಗಳನ್ನು ಗುಜರಿಗೆ ಕೊಡುವ ಮಾತು ನಡೆದಿದೆ.

ಇನ್ನು ನಾನು ನಿನ್ನಿಂದ ಮುಚ್ಚಿಟ್ಟ ಮಾತು. ಸಂಕ್ರಾಂತಿಯಾದ ವಾರದಿಂದ ನಾನು ಆ ವ್ಯಾಪಾರಿಯ ಗೋದಾಮಿನಲ್ಲಿ ಕೆಲಸಕ್ಕೆ ನಿಂತಿದ್ದೇನೆ. ನಿಮ್ಮ ಕಡೆಯಿಂದ ಬಂದ ಲಾರಿ ಇಳಿಸುವುದು, ಸರಳು ಒಟ್ಟುವುದು. ನನ್ನ ವಯಸ್ಸಿನವನಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. ಇವನು ಕೊಟ್ಟ, ನಿನ್ನ ಮಾಲನ್ನು ಒಂದು ಸರಳೂ ಬಾಗದ ಹಾಗೆ ಇಳಿಸಬಲ್ಲೆನೆಂದು. ಬಡೇಸಾಬ ನೋಡಿದಾಗ ಕಣ್ಣೀರು ಹಾಕಿದ. ನಿನಗೆ ಹೇಳಬಾರದೆಂದು ಅವನಿಂದ ಆಣೆ ಮಾಡಿಸಿಕೊಂಡೆ. ಈಗ ನಾನೇ ಹೇಳುತ್ತಿದ್ದೇನೆ, ಯಾಕೆಂದರೆ ಮರುಕಪಟ್ಟು ನೀನು ಏನಾದರೂ ಮಾಡಿಬಿಟ್ಟೀಯೆಂದು ಹೆದರಿಕೆ.

ಇಲ್ಲಿಗೆ ಬರಬೇಡ. ಕೊಡುತ್ತೇನೆಂದ ಜಾಗ ಈಗ ನನ್ನ ಹತ್ತಿರ ಇಲ್ಲ. ಅಲ್ಲೇ ಇರು, ಭಟ್ಟಿ ಬಿಡಬೇಡ. ಹುಬ್ಬಳ್ಳಿಯ ಲಾರಿ ತಪ್ಪಿಸಬೇಡ. ಅದು ಬಂದ ದಿನ ನಮ್ಮ ಮನೆಯ ಒಲೆ ಹೊತ್ತುತ್ತದೆ.

ನಿನ್ನ ಮಾಮಾ,
ಗಂಗಪ್ಪ


ಅಲಂಗ್
6 ಫೆಬ್ರುವರಿ 1999

ಪ್ರೀತಿಯ ಮಾಮಾ ಅವರಿಗೆ, ಅಕ್ಕನಿಗೆ, ಫಕೀರೇಶನ ನಮಸ್ಕಾರಗಳು.

ಹಬ್ಬ ಕಳೆದು ಇಷ್ಟು ದಿನವಾದರೂ ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಸುಮ್ಮನಿದ್ದೆ. ಆದರೆ ದೀಪಾವಳಿಯ ನಂತರ ಬಡೇಸಾಬ ಬಂದಾಗ "ಗೋಕುಲ ರೋಡಿನ್ಯಾಗ ಹೊಂಟಿದ್ದೆ, ನಿಮ್ಮ ಮಿಲ್ಲಿನ ಚಿಮಣಿ ಭರ್ತಿ ಹೊಗಿ ಬಿಡಾಕತ್ತಿತ್ತು" ಎಂದ. ಮುಂದಿನ ಸಲ ಬಂದಾಗಲೂ ಹಾಗೇ ಹೇಳಿದ. ಆ ಮಾತು ಕೇಳಿ ನನಗಾದ ಸಂತೋಷವನ್ನು ಬರೆಯಲು ಬರುವುದಿಲ್ಲ. ಮೊನ್ನೆ ಮತ್ತೆ ಬಂದಿದ್ದ. ನಿಮ್ಮ ಸುದ್ದಿ ಕೇಳಿದರೆ ಯಾಕೋ ಆ ಕಡೆ ನೋಡುತ್ತ "ಎಲ್ಲಾ ಆರಾಮ ಅದಾರ" ಎಂದು ಟಾಯರು ಬಡಿಯಲು ಹೋದ. ನೀವೇ ಅವನಿಗೆ ಸುದ್ದಿ ಕೊಡಬೇಡ ಎಂದು ಗದರಿಸಿರಬೇಕು. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ!

ಹಬ್ಬದಿಂದ ಇಲ್ಲಿಯವರೆಗೆ ಹೊಗೆ ನಿಂತಿಲ್ಲ ಎಂದರೆ ಮಿಲ್ಲು ಕಾಲೂರಿದೆ. ನಾನು ಕಳಿಸಿದ ಒಂದು ಲಾರಿ ಬರೀ ನೆಪ, ಉಳಿಸಿದ್ದು ನಿಮ್ಮ ಹಟ. ಭಟ್ಟಿ ಆರಿಸಿರಿ ಎಂದು ನಿಮಗೇ ಬುದ್ಧಿ ಹೇಳಿದ್ದೆನಲ್ಲ, ನೆನೆದರೆ ನಾಚಿಕೆಯಾಗುತ್ತದೆ.

ಮಾಮಾ, ನಿನ್ನೆ ಕೆಲಸ ಬಿಟ್ಟೆ. ನನ್ನ ಮಾಲು ಹುಬ್ಬಳ್ಳಿಯಲ್ಲಿ ಇಳಿಯುತ್ತಿರುವವರೆಗೆ ನಿಮ್ಮ ಸರಳು ನಿಲ್ಲುವುದಿಲ್ಲ ಎಂದು ಪ್ರತಿ ಲಾರಿ ತುಂಬಿಸುವಾಗಲೂ ಅನ್ನಿಸುತ್ತಿತ್ತು. ಈ ವರ್ಷದ ದೀಪಾವಳಿಯವರೆಗೆ ಇರುತ್ತೇನೆಂದು ಸೇಠನಿಗೆ ಮಾತು ಕೊಟ್ಟಿದ್ದೆ. ಅದನ್ನು ಮುರಿದೆ. ನನ್ನನ್ನು ಬಿಟ್ಟುಬಿಡು ಎಂದು, ಕೂಡಿಟ್ಟದ್ದನ್ನೆಲ್ಲ ಅವನ ಮುಂದೆ ಇಟ್ಟು, ಕಾಲು ಹಿಡಿದು ಒಪ್ಪಿಸಿದೆ. ಸೇಠ ಮೊದಲು ಬೈದ, ಆಮೇಲೆ ನಕ್ಕ. "ಹುಬ್ಬಳ್ಳಿಯ ವ್ಯಾಪಾರಿ ಮಾಲು ಕೊಳ್ಳುತ್ತಿದ್ದುದೇ ನಿನ್ನ ಕೈ ನೋಡಿ. ನೀನಿಲ್ಲದೆ ಅಷ್ಟು ದೂರ ಲಾರಿ ಕಳಿಸಿ ನಾನೇನು ಮಾಡಲಿ? ರಾಜಕೋಟದಲ್ಲೇ ಮಾರುತ್ತೇನೆ" ಎಂದ. ಹಾಗೇ ಮಾಡು ಎಂದು ಅವನಿಂದ ಮಾತು ತೆಗೆದುಕೊಂಡೆ. ಬಡೇಸಾಬನಿಗೂ ಬೇರೆ ದಾರಿಯ ಬಾಡಿಗೆ ಸಿಕ್ಕಿದೆ.

ನಾಡಿದ್ದಿನ ಗಾಡಿಗೆ ಹೊರಡುತ್ತೇನೆ. ಈ ಪತ್ರದ ಹಿಂದೆಯೇ ಬಂದು ಮುಟ್ಟುತ್ತೇನೆ. ನನಗೆ ಜಾಗ ಬಿಟ್ಟುಕೊಡಲು ಅವಸರ ಮಾಡಬೇಡಿರಿ, ಸ್ವಲ್ಪ ದಿನ ನಿಮ್ಮ ಬೆನ್ನ ಹಿಂದೆಯೇ ನಿಲ್ಲುತ್ತೇನೆ.

ಇಷ್ಟು ವರ್ಷ ನಿಮಗೆ ನನ್ನಿಂದ ಬರೀ ಕೇಡೇ ಆಯಿತು. ಈಗ ಮಾತ್ರ ಮನಸ್ಸು ಹಗುರಾಗಿದೆ. ಹುಬ್ಬಳ್ಳಿಗೆ ನಮ್ಮ ಲಾರಿ ಇನ್ನು ಒಂದೂ ಬರುವುದಿಲ್ಲ ಮಾಮಾ, ನಾನೇ ನಿಂತು ನಿಲ್ಲಿಸಿದ್ದೇನೆ.

ನಿಮ್ಮ
ಫಕೀರೇಶ